ನಮ್ಮ ಪತ್ತು, ಅವರ ಪುಸ್ತಕ

ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ಉಪ್ಪಿಟ್ಟು-ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಾಗ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನನ್ನನ್ನು ಮೆಟ್ಟಿಲ ಬಳಿಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಅಲ್ಲ ಮಾರಾಯ್ರೇ, ಈ ಕ್ರೆಡಿಟ್ ಸ್ಕೋರ್ ಅಂತಾರಲ್ಲ, ಅದನ್ನು ನೋಡಲಿಕ್ಕೆ ದುಡ್ಡು ಕೊಡಬೇಕೋ ಬೇಡವೋ? ಫೋನಿನಲ್ಲಿ ಪುಕ್ಕಟೆ ಅಂತ ಬಂತು, ಒತ್ತಿದೆ. ಈಗ ನೋಡಿದರೆ ಹೆಸರೇ ಕೇಳದ ಯಾವುದೋ ಕಂಪೆನಿಗೆ ಸಾವಿರದ ಚಿಲ್ಲರೆ ಹೋಗಿದೆ. ಮನೆಯಲ್ಲಿ ಇನ್ನೂ ಹೇಳಲಿಲ್ಲ." ಮುಂಬಯಿಯಲ್ಲಿ ಮೂವತ್ತೈದು ವರ್ಷ ಲೆಕ್ಕಪತ್ರ ಬರೆದು ನಿವೃತ್ತರಾದವರು ಅವರು, ಒಂದು ರೂಪಾಯಿಯ ವ್ಯತ್ಯಾಸ ಸಿಗುವ ತನಕ ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲಿ ಕುಳಿತವರು. ಅಂತಹವರ ಮುಖ ನಾಚಿಕೆಯಿಂದ ಚಿಕ್ಕದಾಗಿತ್ತು.

ಕೊಡಬೇಕಾಗಿಲ್ಲ ಎಂಬುದು ಒಂದೇ ಮಾತಿನ ಉತ್ತರ. ಅಷ್ಟು ಹೇಳಿ ನಾನು ಕೇಸರಿಬಾತಿಗೆ ಮರಳಬಹುದಾಗಿತ್ತು. ಆದರೆ ಅದೇ ಹೊಂಡಕ್ಕೆ ಅವರಿಗಿಂತ ಮೊದಲು ಬಿದ್ದು ಎದ್ದವನು ನಾನು. ಎದ್ದ ಮೇಲೆ, ಈ ಹೊಂಡವನ್ನು ತೋಡಿದವರು ಯಾರು, ಎಂದಿನಿಂದ ಇದೆ ಎಂದು ಕುತೂಹಲದಿಂದ ಒಂದಿಷ್ಟು ಓದಿಕೊಂಡೆ. ಆ ಓದಿನ ಸಾರವನ್ನು ನಮ್ಮ ಪತ್ರಿಕೆಯ ವಾಚಕರ ಮುಂದಿಡುತ್ತಿದ್ದೇನೆ. ನಮ್ಮಲ್ಲಿ ಸಾಲವಿಲ್ಲದೆ ಮನೆ ಕೊಂಡವರು ಎಷ್ಟು ಮಂದಿ? ಊರಿನ ಗದ್ದೆ ಮಾರಿ ಬಂದವರನ್ನು ಬಿಟ್ಟರೆ ಉಳಿದವರೆಲ್ಲ ನನ್ನ ಪಂಗಡದವರೇ.

ನನ್ನ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ೨೦೨೪ರ ಬೇಸಗೆಯಲ್ಲಿ ಡೊಂಬಿವಲಿಯಲ್ಲಿ ಒಂದು ಮನೆ ನೋಡಿದೆವು. ರೈಲ್ವೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಮನೆಯವಳಿಗೆ ಅಡುಗೆಮನೆಯ ಕಿಟಕಿ ಹಿಡಿಸಿತು, ನನಗೆ ಬೆಲೆ. ಇಪ್ಪತ್ತು ವರ್ಷ ಕೇಂದ್ರ ಸರಕಾರದ ನೌಕರಿ, ಪ್ರತಿ ತಿಂಗಳೂ ತಪ್ಪದ ಸಂಬಳ, ಕಚೇರಿಯ ಪತ್ತಿನ ಸಂಘದ ಸಾಲದ ಕಂತು ಒಂದು ದಿನವೂ ತಡವಾದದ್ದಿಲ್ಲ. ನನಗಲ್ಲದೆ ಇನ್ನಾರಿಗೆ ಸಾಲ ಕೊಟ್ಟಾರು ಎಂಬ ಧೈರ್ಯದಿಂದ ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ತಮ್ಮ ಕಡೆಗೆ ಇನ್ನಷ್ಟು ತಿರುಗಿಸಿಕೊಂಡು, ನನ್ನ ಅಂಕ ಕಡಿಮೆಯಿದೆ, ಅರ್ಜಿ ಮುಂದೆ ಹೋಗುವುದಿಲ್ಲ ಎಂದರು. ಏಕೆ ಕಡಿಮೆ ಎಂದು ಕೇಳಿದೆ. ಅದು ತಮಗೆ ಸಂಬಂಧಿಸಿದ್ದಲ್ಲ, ನೀವೇ ನೋಡಿಕೊಳ್ಳಿ ಎಂದರು. ಪರದೆಯ ಹಿಂಭಾಗದ ತಂತಿಗಳನ್ನು ನೋಡುತ್ತ ಎರಡು ನಿಮಿಷ ಕುಳಿತಿದ್ದು ಎದ್ದು ಬಂದೆ. ಆ ಪರದೆಯ ಮೇಲಿದ್ದುದು ನನ್ನ ಬಗ್ಗೆ. ಆದರೆ ನೋಡಬಾರದವನು ನಾನೊಬ್ಬನೇ.

ಸಾಲ ಕೊಡುವವನು ಸಾಲಗಾರನ ನಡತೆ ವಿಚಾರಿಸುವುದೇನೂ ಹೊಸದಲ್ಲ, ತಪ್ಪೂ ಅಲ್ಲ. ಮರಾಠಿಯವರ 'ಪತ', ನಮ್ಮ 'ಪತ್ತು' ಒಂದೇ ಬಳ್ಳಿಯ ಮಾತುಗಳು. ಇಲ್ಲಿ ಗಲ್ಲಿಗೊಂದು ಕಾಣುವ ಪತಪೇಢಿಯ ಹೆಸರಿನಲ್ಲೇ ಅದಿದೆ. ನಂಬಿಕೆ, ಮರ್ಯಾದೆ, ಸಾಲ ಹುಟ್ಟುವ ಯೋಗ್ಯತೆ ಇವೆಲ್ಲವೂ ಆ ಒಂದು ಮಾತಿನೊಳಗೆ ಅಡಗಿವೆ. ೧೯೦೪ರ ಸಹಕಾರಿ ಕಾಯಿದೆ ಬಂದ ಮರುವರ್ಷವೇ, ಅಂದರೆ ೧೯೦೫ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪಿಸಿದರು. ಭಾರತದ ಇಂತಹ ಮೊದಮೊದಲ ಸಂಘಗಳಲ್ಲಿ ಇದೂ ಒಂದು. ಅಂದಿನ ಹಳ್ಳಿಯ ಸಂಘಗಳಲ್ಲಿ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದ ಸದಸ್ಯರೆಲ್ಲ ತಮ್ಮ ಆಸ್ತಿಯಿಂದ ತುಂಬಿಕೊಡಬೇಕು. ಆದುದರಿಂದ ಯಾರ ಎತ್ತು ಸತ್ತಿತು, ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರು ಸಂತೆಯ ದಿನ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅಳೆದು ತೂಗಿಯೇ ಕೊಡುತ್ತಿದ್ದರು. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ೧೯೨೮ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ದಿನಾ ಬಾಗಿಲಿಗೆ ಬಂದು ಎರಡಾಣೆ ಒಯ್ಯುತ್ತಿದ್ದ ಏಜೆಂಟನಿಗೆ ತಿಳಿಯದ ಮನೆವಾರ್ತೆ ಇತ್ತೆ? ಇದನ್ನು ಸತ್ಯಯುಗವೆಂದು ನಾನು ಹೇಳುತ್ತಿಲ್ಲ. ಗೌಡರ ಮುಖ ನೋಡಿ ಕೊಟ್ಟದ್ದೂ, ಜಾತಿ ನೋಡಿ ಇಲ್ಲವೆಂದದ್ದೂ ನಡೆದಿರಲೇಬೇಕು. ಆದರೆ ಇಲ್ಲವೆಂದವನು ಎದುರಿಗಿರುತ್ತಿದ್ದ. ಏಕೆ ಇಲ್ಲವೆಂದನೆಂದು ಊರಿಗೆಲ್ಲ ಗೊತ್ತಿರುತ್ತಿತ್ತು.

ಮುಖ ಕಾಣದವನು ನಮ್ಮ ಬಗ್ಗೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ವ್ಯವಸ್ಥಿತ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ. ಅದರ ಮೂಲಪುರುಷ ಲೂಯಿಸ್ ಟ್ಯಾಪನ್. ನ್ಯೂಯಾರ್ಕಿನಲ್ಲಿ ಅಣ್ಣ ಆರ್ಥರನೊಂದಿಗೆ ರೇಷ್ಮೆಯ ವ್ಯಾಪಾರ ಮಾಡುತ್ತಿದ್ದ, ಗುಲಾಮಗಿರಿಯ ವಿರುದ್ಧ ದುಡ್ಡು, ಪ್ರತಿಷ್ಠೆ ಎರಡನ್ನೂ ಪಣಕ್ಕಿಟ್ಟು ಹೋರಾಡಿದ, ಮಹಾ ನೇಮನಿಷ್ಠೆಯ ಮನುಷ್ಯ. ೧೮೩೭ರ ಹಣಕಾಸಿನ ಕುಸಿತದಲ್ಲಿ ಅವರ ಅಂಗಡಿ ಮುಳುಗಿತು. ದೂರದ ಊರುಗಳ ವ್ಯಾಪಾರಿಗಳಿಗೆ ಕಡ ಕೊಟ್ಟ ಸರಕಿನ ಹಣ ಬರಲಿಲ್ಲ. ಯಾರು ಕೊಡುವವನು, ಯಾರು ಕೊಡದವನು ಎಂಬುದನ್ನು ಮೊದಲೇ ತಿಳಿಯುವ ದಾರಿಯಿದ್ದರೆ ಎಂದು ಯೋಚಿಸಿದ ಲೂಯಿಸ್ ೧೮೪೧ರಲ್ಲಿ 'ಮರ್ಕೆಂಟೈಲ್ ಏಜೆನ್ಸಿ'ಯನ್ನು ತೆರೆದ. ಊರೂರಿನ ವಕೀಲರು ತಮ್ಮಲ್ಲಿಯ ವ್ಯಾಪಾರಿಗಳ ಬಗ್ಗೆ ಪತ್ರ ಬರೆಯುತ್ತಿದ್ದರು. ಪ್ರತಿಫಲವಾಗಿ ಆ ಊರಿನ ಬಾಕಿ ವಸೂಲಿಯ ಕೆಲಸ ಅವರಿಗೆ ಸಿಗುತ್ತಿತ್ತು. ಅಬ್ರಹಾಂ ಲಿಂಕನ್ನರೂ ವಕೀಲರಾಗಿದ್ದ ಕಾಲದಲ್ಲಿ ಹೀಗೆ ಬರೆಯುತ್ತಿದ್ದರೆಂದು ಆ ಸಂಸ್ಥೆಯ ಉತ್ತರಾಧಿಕಾರಿಗಳು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು.

ಆ ಪತ್ರಗಳ ಸಾರವನ್ನು ಗುಮಾಸ್ತರು ದಪ್ಪ ದಪ್ಪ ಕಿರ್ದಿಗಳಲ್ಲಿ ನಕಲಿಸುತ್ತಿದ್ದರು. ಚಂದಾ ಕಟ್ಟಿದ ವ್ಯಾಪಾರಿ ಕಚೇರಿಗೆ ಬಂದು ಇಂಥವನ ವಿಷಯ ಹೇಳಿ ಎಂದರೆ, ಗುಮಾಸ್ತ ಆ ಪುಟ ತೆರೆದು ಓದಿ ಹೇಳುವನು. ಪುಸ್ತಕ ಕೈಗೆ ಕೊಡುವ ಮಾತಿಲ್ಲ. (ಗುಮಾಸ್ತನೆಂಬ ಕಾರಣಕ್ಕೆ ಈ ದೃಶ್ಯ ನನಗೆ ವಿಶೇಷವಾಗಿ ಹಿಡಿಸಿತು, ಎಂತೆಂತಹ ಗುಟ್ಟುಗಳನ್ನು ಎಷ್ಟು ಗಂಭೀರವಾಗಿ ಓದಿರಬೇಕು ಆ ಪುಣ್ಯಾತ್ಮ!) ಅಲ್ಲಿ ಆಸ್ತಿಪಾಸ್ತಿಯ ಲೆಕ್ಕ ಮಾತ್ರವಲ್ಲ, ಕುಡಿಯುತ್ತಾನೆಯೇ, ಹೆಂಡತಿಯೊಂದಿಗೆ ಸರಿಯಿದ್ದಾನೆಯೇ ಎಂಬುದೂ ಇರುತ್ತಿತ್ತು. ಎರಡೂವರೆ ಸಾವಿರಕ್ಕೂ ಹೆಚ್ಚಿನ ಆ ಕಿರ್ದಿಗಳು ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಕರ್ ಗ್ರಂಥಾಲಯದಲ್ಲಿವೆ.

ಯಾರ ಬಗ್ಗೆ ಬರೆದಿದೆಯೋ ಅವನಿಗೆ ಮಾತ್ರ ಆ ಕೋಣೆಗೆ ಪ್ರವೇಶವಿರಲಿಲ್ಲ. ಓಹೈಯೋ ಪ್ರಾಂತದ ನಾರ್ವಾಕ್ ಎಂಬ ಊರಿನ ಜಾನ್ ಬಿಯರ್ಡ್‌ಸ್ಲಿ ಎಂಬ ವ್ಯಾಪಾರಿಗೆ ಇದ್ದಕ್ಕಿದ್ದಂತೆ ಸಗಟು ವ್ಯಾಪಾರಿಗಳು ಕಡ ಕೊಡುವುದನ್ನು ನಿಲ್ಲಿಸಿದರು. ವಿಚಾರಿಸಿದರೆ, ಅವನ ಹೆಂಡತಿ ವಿಚ್ಛೇದನಕ್ಕೆ ಹೊರಟಿದ್ದಾಳೆ ಎಂಬಂತೆ ಕಿರ್ದಿಯಲ್ಲಿ ಬರೆದಿತ್ತು. ಬರೆದವರು ಯಾರು? ಹೇಳುವುದಿಲ್ಲ. ಬಿಯರ್ಡ್‌ಸ್ಲಿ ನ್ಯಾಯಾಲಯಕ್ಕೆ ಹೋದ. ಸುದ್ದಿ ಕೊಟ್ಟವನ ಹೆಸರು ಹೇಳಲೊಪ್ಪದ ಟ್ಯಾಪನ್ನನ ಪಾಲುದಾರ ಬೆಂಜಮಿನ್ ಡಗ್ಲಸ್ ಕೆಲವು ದಿನ ಸೆರೆಮನೆಯಲ್ಲಿ ಕಳೆದನೇ ಹೊರತು ಬಾಯಿ ಬಿಡಲಿಲ್ಲ. ೧೮೫೧ರಲ್ಲಿ ಜ್ಯೂರಿಯವರು ಬಿಯರ್ಡ್‌ಸ್ಲಿಗೆ ಹತ್ತು ಸಾವಿರ ಡಾಲರು ಪರಿಹಾರ ಕೊಡಿಸಿದರು. ಆದರೆ ಮೊಕದ್ದಮೆ ಅಲ್ಲಿಗೆ ನಿಲ್ಲದೆ ಎಳೆಯುತ್ತ ಎಳೆಯುತ್ತ ಸುಪ್ರೀಂ ಕೋರ್ಟಿಗೆ ಹೋಗಿ, ಆ ತೀರ್ಪು ೧೮೭೦ರಲ್ಲಿ ಬಿದ್ದುಹೋಯಿತು. ಹೆಂಡತಿ ಬಿಟ್ಟುಹೋಗುತ್ತಾಳೆ ಎಂಬ ಒಂದು ಸಾಲಿನ ಸುದ್ದಿಯ ಬೆನ್ನುಹತ್ತಿ ಆತ ಸವೆಸಿದ ವರ್ಷಗಳನ್ನು ಎಣಿಸಿದರೆ, ಎಪ್ಪತ್ತು ಕಿಲೋಮೀಟರು ದೂರದ ಕಚೇರಿಗೆ ಅಲೆಯುವ ನಮ್ಮ ತಾಪತ್ರಯ ಏನೂ ಅಲ್ಲ ಅನ್ನಿಸುತ್ತದೆ.

ಮುಂದೆ ಆ ಏಜೆನ್ಸಿ ರಾಬರ್ಟ್ ಡನ್ ಎಂಬವರ ಕೈಸೇರಿತು. ೧೮೪೯ರಲ್ಲಿ ಬ್ರಾಡ್‌ಸ್ಟ್ರೀಟ್ ಎಂಬವರು ಆರಂಭಿಸಿದ್ದ ಪ್ರತಿಸ್ಪರ್ಧಿ ಸಂಸ್ಥೆಯೊಂದಿಗೆ ೧೯೩೩ರಲ್ಲಿ ಕೂಡಿ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಆಯಿತು. ಈ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು; ಮುಂಬಯಿಯ ಕಥೆಯಲ್ಲಿ ಮತ್ತೆ ಬರುತ್ತದೆ.

ಇದುವರೆಗಿನದು ವ್ಯಾಪಾರಿಗಳ ಮಾತು. ನಮ್ಮಂತಹ ಸಂಬಳಗಾರರ, ಗೃಹಸ್ಥರ ಪುಟಗಳನ್ನು ತೆರೆದವರಲ್ಲಿ ಪ್ರಮುಖರು ಅಟ್ಲಾಂಟಾ ನಗರದ ವುಲ್ಫರ್ಡ್ ಸಹೋದರರು. ೧೮೯೯ರಲ್ಲಿ ಅವರು ರೀಟೇಲ್ ಕ್ರೆಡಿಟ್ ಕಂಪೆನಿ ತೆರೆದು, ಕಿರಾಣಿ ಅಂಗಡಿಗಳ ಗಿರಾಕಿಗಳಲ್ಲಿ ಯಾರು ಕೂಡಲೇ ಕೊಡುವವರು, ಯಾರು ನಿಧಾನಿಗಳು, ಯಾರಿಗೆ ನಗದಿಗೆ ಮಾತ್ರ ಕೊಡಬೇಕು ಎಂದು ಪಟ್ಟಿ ಮಾಡಿ ಮಾರಿದರು. ಅರವತ್ತರ ದಶಕದ ಹೊತ್ತಿಗೆ ಅದು ಕೋಟ್ಯಂತರ ಜನರ ಕಡತಗಳನ್ನಿಟ್ಟುಕೊಂಡ ಭಾರೀ ಸಂಸ್ಥೆಯಾಗಿತ್ತು. ನೆರೆಹೊರೆಯವರನ್ನು ಕೇಳಿ ಬರೆದ ಗಾಳಿಮಾತುಗಳೂ ಆ ಕಡತಗಳಲ್ಲಿದ್ದವು. ಇವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಜನ ಬೆಚ್ಚಿದರು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಮುಂದಾಳಾಗಿ ಹೋರಾಡಿ, ೧೯೭೦ರ ಅಕ್ಟೋಬರಿನಲ್ಲಿ ಒಂದು ಕಾಯಿದೆ ಆಯಿತು. ತನ್ನ ಕಡತದಲ್ಲಿ ಏನಿದೆಯೆಂದು ತಿಳಿಯುವ, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಅಲ್ಲಿನ ಸಾಮಾನ್ಯನಿಗೆ ಮೊದಲ ಬಾರಿ ಸಿಕ್ಕಿತು. ಟ್ಯಾಪನ್ನನ ಕೋಣೆಯ ಬಾಗಿಲು ತೆರೆಯಲು ನೂರಿಪ್ಪತ್ತೊಂಬತ್ತು ವರ್ಷ ಹಿಡಿಯಿತು. ರೀಟೇಲ್ ಕ್ರೆಡಿಟ್ ಕಂಪೆನಿ ೧೯೭೫ರಲ್ಲಿ ಹೆಸರು ಬದಲಾಯಿಸಿಕೊಂಡು ಇಕ್ವಿಫ್ಯಾಕ್ಸ್ ಆಯಿತು.

ಬಾಗಿಲು ತೆರೆಯುವಷ್ಟರಲ್ಲಿ ಒಳಗೆ ಇನ್ನೊಂದು ಪೆಟ್ಟಿಗೆ ತಯಾರಾಗುತ್ತಿತ್ತು. ಅದೇ ಅಂಕದ ಪೆಟ್ಟಿಗೆ. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿ, ಮುಂದೆ ಅದನ್ನು ರಜೆಯ ಲೆಕ್ಕಕ್ಕಲ್ಲದೆ ಬೇರಾವುದಕ್ಕೂ ಬಳಸದ ನನಗೆ ಈ ಭಾಗ ಬಹಳ ರುಚಿಸಿತು. ಬಿಲ್ ಫೇರ್ ಎಂಬ ಇಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ ೧೯೫೬ರಲ್ಲಿ ತಲಾ ನಾನೂರು ಡಾಲರು ಹಾಕಿ ಕ್ಯಾಲಿಫೋರ್ನಿಯಾದಲ್ಲಿ ಕಂಪೆನಿ ಕಟ್ಟಿದರು. ಅವರ ಉಪಾಯ ಕೇಳಲು ಸರಳ. ಹಿಂದೆ ಸಾಲ ಪಡೆದ ಸಾವಿರಾರು ಜನರ ಅರ್ಜಿಗಳನ್ನು ತೆಗೆದುಕೊಳ್ಳಿ. ತೀರಿಸಿದವರದೊಂದು ರಾಶಿ, ತೀರಿಸದವರದೊಂದು ರಾಶಿ ಮಾಡಿ. ಯಾವ ಯಾವ ಗುಣ ಮೊದಲ ರಾಶಿಯಲ್ಲಿ ಹೆಚ್ಚು, ಯಾವುದು ಎರಡನೆಯದರಲ್ಲಿ ಹೆಚ್ಚು ಎಂದು ಎಣಿಸಿ. ಆ ಪ್ರಮಾಣಕ್ಕೆ ತಕ್ಕಂತೆ ಒಂದೊಂದು ಗುಣಕ್ಕೂ ಇಂತಿಷ್ಟು ಅಂಕ ಕೊಡಿ. ಹೊಸ ಅರ್ಜಿ ಬಂದಾಗ ಅಂಕ ಕೂಡಿಸಿ, ಮೊತ್ತವೇ ಭವಿಷ್ಯ. ಜಾತಕ ನೋಡುವ ಭಟ್ಟರ ಲೆಕ್ಕಕ್ಕಿಂತ ಇದು ವಾಸಿ, ಏಕೆಂದರೆ ತಪ್ಪಿದ್ದೆಷ್ಟು ಎಂದು ಮತ್ತೆ ಎಣಿಸಿ ನೋಡಬಹುದು. ಆದರೂ ೧೯೫೮ರಲ್ಲಿ ಅವರು ಐವತ್ತು ದೊಡ್ಡ ಸಾಲಸಂಸ್ಥೆಗಳಿಗೆ ಪತ್ರ ಬರೆದರೆ ಉತ್ತರ ಬಂದದ್ದು ಒಂದರಿಂದ ಮಾತ್ರ. ಮನುಷ್ಯನ ಪತ್ತನ್ನು ಕೂಡಿಸುವ ಲೆಕ್ಕದಿಂದ ಹೇಳಬಹುದೆಂದು ಹಳೆಯ ಸಾಲಿಗರಿಗೆ ನಂಬಿಕೆ ಬರಲಿಲ್ಲ. ನಂಬಿಕೆ ಬಂದ ಮೇಲೆ ಬೇರೇನನ್ನೂ ನಂಬಲಿಲ್ಲ, ಅದು ಬೇರೆ ಮಾತು. ೧೯೮೯ರಲ್ಲಿ ಎಲ್ಲ ಬಗೆಯ ಸಾಲಕ್ಕೂ ಬಳಸಬಹುದಾದ ಸಾಮಾನ್ಯ ಅಂಕ ಬಂತು. ಅವರೇ ಪ್ರಕಟಿಸಿರುವಂತೆ, ಅದರಲ್ಲಿ ಹಳೆಯ ಸಾಲಗಳ ಕಂತು ಸಮಯಕ್ಕೆ ಕಟ್ಟಿದ್ದಕ್ಕೆ ನೂರಕ್ಕೆ ಮೂವತ್ತೈದರಷ್ಟು ಬೆಲೆ, ಈಗಿರುವ ಬಾಕಿಯ ಹೊರೆಗೆ ಮೂವತ್ತರಷ್ಟು. ಸಂಬಳಕ್ಕೆ ಅದರಲ್ಲಿ ಸ್ಥಾನವಿಲ್ಲ. ನನ್ನ ಇಪ್ಪತ್ತು ವರ್ಷದ ಸರಕಾರಿ ನೌಕರಿಯ ಹೆಮ್ಮೆ ಏಕೆ ಕೆಲಸಕ್ಕೆ ಬರಲಿಲ್ಲವೆಂದು ಇದನ್ನೋದಿದಾಗ ತಿಳಿಯಿತು.

ವರದಿ ನೋಡುವ ಹಕ್ಕಿತ್ತಾದರೂ ಅಂಕ ನೋಡುವ ಹಕ್ಕಿರಲಿಲ್ಲ. ೨೦೦೦ದಲ್ಲಿ ಈ-ಲೋನ್ ಎಂಬ ಸಂಸ್ಥೆ ತನ್ನ ಗಿರಾಕಿಗಳಿಗೆ ಅವರವರ ಅಂಕ ತೋರಿಸತೊಡಗಿದಾಗ ಅದಕ್ಕೆ ಅಂಕಗಳ ಸರಬರಾಜನ್ನೇ ನಿಲ್ಲಿಸಿದರು. ಗದ್ದಲವಾಗಿ, ಮರುವರ್ಷದಿಂದ ಅಂಕ ಜನರಿಗೆ ಸಿಗತೊಡಗಿತು, ಆದರೆ ದುಡ್ಡಿಗೆ. ೨೦೦೩ರ ಡಿಸೆಂಬರಿನ ಕಾಯಿದೆಯೊಂದು ಮೂರು ದೊಡ್ಡ ಸಂಸ್ಥೆಗಳಿಂದಲೂ ವರ್ಷಕ್ಕೊಂದು ವರದಿ ಪುಕ್ಕಟೆಯಾಗಿ ಕೊಡಬೇಕೆಂದು ವಿಧಿಸಿತು.

ಇಲ್ಲಿಂದ ನಮ್ಮ ಹಿರಿಯ ಸದಸ್ಯರ ಸಾವಿರದ ಚಿಲ್ಲರೆಯ ಕಥೆ ಆರಂಭವಾಗುತ್ತದೆ. ಪುಕ್ಕಟೆ ವರದಿ ಸಿಗುತ್ತದೆಂದು ಜನಕ್ಕೆ ಗೊತ್ತಾಯಿತು. ಎಲ್ಲಿ ಸಿಗುತ್ತದೆಂದು ಸರಿಯಾಗಿ ಗೊತ್ತಾಗಲಿಲ್ಲ. ಆ ಎರಡರ ನಡುವಿನ ಅಂತರದಲ್ಲಿ ಅಂಗಡಿ ಇಡಬಹುದಲ್ಲ! ಎಕ್ಸ್‌ಪೀರಿಯನ್ ಸಂಸ್ಥೆಯ ಅಂಗವಾದ ಕನ್ಸ್ಯೂಮರ್‌ಇನ್ಫೋ ಎಂಬ ಕಂಪೆನಿ, 'ಪುಕ್ಕಟೆ ವರದಿ' ಎಂದೇ ಅರ್ಥ ಬರುವ ವಿಳಾಸವನ್ನಿಟ್ಟುಕೊಂಡು ಜಾಹೀರಾತು ಮಾಡಿತು. ವರದಿಯೇನೋ ಪುಕ್ಕಟೆ, ಆದರೆ ಅದಕ್ಕಾಗಿ ಕಾರ್ಡಿನ ಸಂಖ್ಯೆ ಕೊಡಬೇಕು. ಮೂವತ್ತು ದಿನಗಳೊಳಗೆ ಬೇಡವೆನ್ನದಿದ್ದರೆ, ಅಂಕದ ಮೇಲೆ ಕಣ್ಣಿಡುವ ಸೇವೆಯೆಂದು ವರ್ಷಕ್ಕೆ ೭೯ ಡಾಲರು ೯೫ ಸೆಂಟು ತಾನಾಗಿ ಹೋಗುತ್ತಿತ್ತು. ಅಲ್ಲಿನ ಕೇಂದ್ರ ವ್ಯಾಪಾರ ಆಯೋಗ ೨೦೦೫ರಲ್ಲಿ ಅದರಿಂದ ಒಂಬತ್ತೂವರೆ ಲಕ್ಷ ಡಾಲರು ವಸೂಲು ಮಾಡಿತು, ಗಿರಾಕಿಗಳಿಗೆ ಹಣ ಮರಳಿಸಲು ಹೇಳಿತು. ೨೦೦೭ರಲ್ಲಿ ಮತ್ತೆ ಮೂರು ಲಕ್ಷ. ಅಷ್ಟಾದರೂ ಟೆಲಿವಿಷನ್ನಿನಲ್ಲಿ ಗಿಟಾರು ಹಿಡಿದ ಯುವಕ, ಪತ್ತು ಕೆಟ್ಟದ್ದರಿಂದ ಕಡಲ್ಗಳ್ಳನ ವೇಷ ಹಾಕಿ ಹೋಟೆಲಿನಲ್ಲಿ ಮೀನು ಬಡಿಸುವ ಗತಿ ಬಂತೆಂದು ಹಾಡುವ ಜಾಹೀರಾತು ಮನೆಮಾತಾಯಿತು. ಕೊನೆಗೆ ಆಯೋಗವೇ ೨೦೦೯ರಲ್ಲಿ ಅದನ್ನು ಅಣಕಿಸುವ ಹಾಡುಚಿತ್ರಗಳನ್ನು ತಯಾರಿಸಿ ಬಿಟ್ಟಿತು! ಸರಕಾರಿ ಇಲಾಖೆಯೊಂದು ಖಾಸಗಿ ಜಾಹೀರಾತಿಗೆ ಎದುರುಹಾಡು ಹಾಡಿದ ಪ್ರಸಂಗ ನಾನು ಬೇರೆಲ್ಲೂ ಕೇಳಿಲ್ಲ; ನಮ್ಮ ಕಚೇರಿಯಲ್ಲಿ ಇಂತಹ ಟಿಪ್ಪಣಿ ಮಂಡಿಸಿದರೆ ಕಡತ ಎಷ್ಟು ಮೇಜು ದಾಟೀತೋ.

೨೦೧೦ರ ಏಪ್ರಿಲಿನಿಂದ, ನಿಜವಾದ ಪುಕ್ಕಟೆ ವರದಿ ಎಲ್ಲಿ ಸಿಗುತ್ತದೆಂಬುದನ್ನು ಇಂತಹ ಜಾಹೀರಾತುಗಳ ಜೊತೆ ಎದ್ದು ಕಾಣುವಂತೆ ಹಾಕಲೇಬೇಕೆಂದು ನಿಯಮವಾಯಿತು. ಕಂಪೆನಿ ಏನು ಮಾಡಿತು? ಪುಕ್ಕಟೆ ಕೊಟ್ಟರೆ ತಾನೆ ಆ ನಿಯಮ? ವರದಿಗೆ ಒಂದು ಡಾಲರು ಬೆಲೆ ಇಟ್ಟು, ಆ ಡಾಲರನ್ನು ಧರ್ಮಕಾರ್ಯಕ್ಕೆ ಕೊಡುತ್ತೇವೆಂದಿತು. ಹದಿನಾಲ್ಕು ವರ್ಷದ ಬಳಿಕ ನನ್ನ ಫೋನಿನಲ್ಲಿ ಕಾಣಿಸಿದ್ದು ಒಂದು ಡಾಲರಲ್ಲ, ಒಂದು ರೂಪಾಯಿ. ಕಂಪೆನಿ ಬೇರೆ, ಊರು ಬೇರೆ, ಯುಕ್ತಿ ಮಾತ್ರ ಅದೇ.

ಈಗ ನಮ್ಮ ದೇಶಕ್ಕೆ ಬರೋಣ. ರಿಸರ್ವ್ ಬ್ಯಾಂಕು ನೇಮಿಸಿದ ಸಿದ್ದಿಕಿಯವರ ನೇತೃತ್ವದ ಕಾರ್ಯಪಡೆ ೧೯೯೯ರಲ್ಲಿ ಸಾಲಮಾಹಿತಿ ಸಂಸ್ಥೆ ಬೇಕೆಂದು ಹೇಳಿತು. ೨೦೦೦ದ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಸಿಬಿಲ್ ಸ್ಥಾಪನೆಯಾಯಿತು. ಬಂಡವಾಳ ಹಾಕಿದವರು ಸ್ಟೇಟ್ ಬ್ಯಾಂಕು, ಎಚ್‌ಡಿಎಫ್‌ಸಿ, ಅಮೆರಿಕದ ಟ್ರಾನ್ಸ್‌ಯೂನಿಯನ್, ಮತ್ತು ನಮ್ಮ ಹಳೆಯ ಪರಿಚಯದ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್. ಹೀಗೆ ಟ್ಯಾಪನ್ನನ ಕಿರ್ದಿಯ ವಂಶಸ್ಥರು ಅರಬ್ಬೀ ಸಮುದ್ರದ ದಂಡೆಗೂ ಬಂದು ಮುಟ್ಟಿದರು. ಸಾಲಗಾರನ ಗುಟ್ಟು ಕಾಯಬೇಕಾದ ಬ್ಯಾಂಕುಗಳು ಅವನ ಒಪ್ಪಿಗೆಯಿಲ್ಲದೆ ಮಾಹಿತಿ ಕೊಡುವಂತಿರಲಿಲ್ಲವಾದುದರಿಂದ ೨೦೦೫ರಲ್ಲಿ ಒಂದು ಕಾಯಿದೆಯನ್ನೇ ಮಾಡಿ, ೨೦೦೬ರ ಡಿಸೆಂಬರಿನಲ್ಲಿ ಜಾರಿಗೆ ತಂದರು. ೨೦೧೦ರಲ್ಲಿ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಹೈಮಾರ್ಕ್ ಸಂಸ್ಥೆಗಳೂ ಸೇರಿ ಸಂಖ್ಯೆ ನಾಲ್ಕಾಯಿತು.

ಆ ಕಾಯಿದೆಯ ೨೧ನೆಯ ಕಲಮನ್ನು ನಾನು ಎರಡು ಸಲ ಓದಿದೆ. ಸಾಲಕ್ಕೆ ಅರ್ಜಿ ಹಾಕಿದವನು, ತನ್ನ ಬಗ್ಗೆ ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ಆ ಬ್ಯಾಂಕಿನಿಂದಲೇ ಕೇಳಿ ಪಡೆಯಬಹುದು. ತಪ್ಪಿದ್ದರೆ ತಿದ್ದಲು ಕೇಳಬಹುದು. ಅಂದು ಆ ಪರದೆಯ ಹಿಂಭಾಗ ನೋಡುತ್ತ ಕುಳಿತಿದ್ದಾಗ ಇದು ನನಗೆ ಗೊತ್ತಿದ್ದಿದ್ದರೆ!

ಹಕ್ಕಿತ್ತು, ಆದರೆ ಪುಕ್ಕಟೆಯಾಗಿರಲಿಲ್ಲ. ೨೦೧೧ರ ಹೊತ್ತಿಗೆ ಸಾಮಾನ್ಯರಿಗೂ ಅಂಕ ಸಿಗತೊಡಗಿದಾಗ ವರದಿಯ ಸಹಿತ ನಾಲ್ಕುನೂರಕ್ಕೂ ಹೆಚ್ಚು ರೂಪಾಯಿ ತೆರಬೇಕಾಗಿತ್ತು. ಆದಿತ್ಯ ಪುರಿಯವರ ಅಧ್ಯಕ್ಷತೆಯ ಸಮಿತಿ ೨೦೧೪ರ ವರದಿಯಲ್ಲಿ ವರ್ಷಕ್ಕೊಂದು ಪ್ರತಿ ಪುಕ್ಕಟೆ ಕೊಡಬೇಕೆಂದಿತು. ೨೦೧೬ರ ಸೆಪ್ಟೆಂಬರ್ ೧ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು: ೨೦೧೭ರ ಜನವರಿಯಿಂದ ಪ್ರತಿ ಸಾಲಮಾಹಿತಿ ಸಂಸ್ಥೆಯೂ ಕೇಳಿದವರಿಗೆ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು, ಅಂಕಸಹಿತ, ಶುಲ್ಕವಿಲ್ಲದೆ ಕೊಡತಕ್ಕದ್ದು. ವರ್ಷವೆಂದರೆ ಜನವರಿಯಿಂದ ಡಿಸೆಂಬರ್. ನಾಲ್ಕು ಸಂಸ್ಥೆಗಳಿರುವುದರಿಂದ, ಮೂರು ತಿಂಗಳಿಗೊಂದರಂತೆ ಸರದಿ ಹಾಕಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಮ್ಮ ಪುಟವನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಸಾಲಕ್ಕಾಗಿ ಬ್ಯಾಂಕುಗಳು ಮೇಲಿಂದ ಮೇಲೆ ವಿಚಾರಿಸಿದರೆ ಇಳಿಯಬಹುದು. ಈ ಎರಡನ್ನೂ ಒಂದೆಂದು ತಿಳಿದು ಹೆದರಿದವರನ್ನು ನಾನು ಬಲ್ಲೆ.

ಆದರೆ ಅಮೆರಿಕದಲ್ಲಿ ಆದದ್ದೇ ಇಲ್ಲೂ ಆಯಿತು. ಪುಕ್ಕಟೆಯ ಬಾಗಿಲು ಎಲ್ಲಿದೆಯೆಂದು ಹುಡುಕಬೇಕು. ೨೦೨೩ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು, ಪುಕ್ಕಟೆ ವರದಿಯ ಕೊಂಡಿಯನ್ನು ಸಂಸ್ಥೆಗಳು ತಮ್ಮ ತಾಣದಲ್ಲಿ ಎದ್ದು ಕಾಣುವಂತೆ ಇಡಬೇಕೆಂದು ಪ್ರತ್ಯೇಕವಾಗಿ ಆದೇಶಿಸಬೇಕಾಯಿತೆಂದರೆ, ಮುಂಚೆ ಅದು ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗಿರಾಕಿಯನ್ನು ಮರುಳುಗೊಳಿಸುವ ಹದಿಮೂರು ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಚಂದಾದಾರನಾಗಿಸಿ ಹೊರಬರಲಾಗದಂತೆ ಮಾಡುವುದು ಅದರಲ್ಲೊಂದು. ಬೆಲೆಯನ್ನು ಹನಿಹನಿಯಾಗಿ ತೋರಿಸುವುದು ಇನ್ನೊಂದು. ಕಾರ್ಡಿನಿಂದ ತಾನಾಗಿ ಹೋಗುವ ಕಂತುಗಳ ಬಗ್ಗೆ ಇಪ್ಪತ್ತನಾಲ್ಕು ಗಂಟೆ ಮೊದಲೇ ಸೂಚನೆ ಬರಬೇಕೆಂಬ ನಿಯಮ ೨೦೨೧ರ ಅಕ್ಟೋಬರಿನಿಂದಲೇ ಇದೆ. ನನಗೂ ಸೂಚನೆ ಬಂದಿತ್ತು. ದಿನಕ್ಕೆ ನಲವತ್ತು ಸಂದೇಶ ಬರುವ ಫೋನಿನಲ್ಲಿ ಅದನ್ನು ಓದಿದವರಾರು? ಒಂದು ರೂಪಾಯಿಯ ಪ್ರಸಾದಕ್ಕೆ ಕೈಯೊಡ್ಡಿದ ನಾನು, ತಿಂಗಳಾಗುವಷ್ಟರಲ್ಲಿ ಸಾವಿರದ ನೂರರ ಮೇಲೆ ತೆತ್ತಿದ್ದೆ.

ಆಮೇಲೆ ಕಲಿತದ್ದು ಇಷ್ಟು. ಪಂಚಾಂಗ ಕೊಳ್ಳಲು ಪಂಚಾಂಗದ ಅಂಗಡಿಗೇ ಹೋಗಬೇಕು: ನೋಂದಾಯಿತ ನಾಲ್ಕು ಸಂಸ್ಥೆಗಳ ಸ್ವಂತ ತಾಣದ ವಿಳಾಸವನ್ನು ನಾವೇ ಅಕ್ಷರ ಅಕ್ಷರವಾಗಿ ಹೊಡೆದು ಒಳಗೆ ಹೋಗುವುದು, ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತದಿರುವುದು. ವಾರ್ಷಿಕ ಪುಕ್ಕಟೆ ವರದಿಯೆಂಬ ಕೊಂಡಿಯನ್ನೇ ಹಿಡಿಯುವುದು. ಪ್ಯಾನ್ ಸಂಖ್ಯೆ, ಹುಟ್ಟಿದ ದಿನ, ಫೋನಿಗೆ ಬರುವ ಒಮ್ಮೆಯ ಗುಪ್ತಸಂಖ್ಯೆ ಇವನ್ನು ಕೇಳಿದರೆ ಸಹಜ, ಗುರುತು ಹಚ್ಚಬೇಕಲ್ಲ. ಕಾರ್ಡಿನ ಸಂಖ್ಯೆ ಕೇಳಿದರೆ ಮಾತ್ರ, ಅದು ಒಂದು ರೂಪಾಯಿಗಾದರೂ ಸರಿ, ನೀವು ಬೇರೆ ಬಾಗಿಲಿನಲ್ಲಿ ನಿಂತಿದ್ದೀರಿ. ಪೈಸೆಯನ್ನೂ ಕೇಳದೆ ಅಂಕ ತೋರಿಸುವ ಬೇರೆ ಕಂಪೆನಿಗಳೂ ಇವೆ. ಅಲ್ಲಿ ಶುಲ್ಕವೆಂದರೆ ನಿಮ್ಮ ದೂರವಾಣಿ ಸಂಖ್ಯೆ. ಮರುದಿನ ಮಧ್ಯಾಹ್ನದಿಂದ ಸಾಲ ಬೇಕೇ ಎಂದು ಕರ್ಜತ್ ಲೋಕಲಿನ ಗದ್ದಲದಲ್ಲೂ ಕರೆ ಬರುತ್ತದೆ.

ಸರಿಯಾದ ಬಾಗಿಲಿನಿಂದ ಒಳಹೊಕ್ಕು ನನ್ನ ಪುಟವನ್ನು ಕೊನೆಗೂ ನೋಡಿದೆ. ಹಲವು ವರ್ಷಗಳ ಹಿಂದೆ ನಮ್ಮ ಕಚೇರಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಹುಡುಗನೊಬ್ಬನ ಒತ್ತಾಯಕ್ಕೆ ಸಹಿ ಮಾಡಿಕೊಟ್ಟ ಕ್ರೆಡಿಟ್ ಕಾರ್ಡು ಅಲ್ಲಿತ್ತು. ಅದನ್ನು ಲಕೋಟೆಯಿಂದ ಹೊರಗೇ ತೆಗೆದಿರಲಿಲ್ಲ. ವಾರ್ಷಿಕ ಶುಲ್ಕ, ಅದರ ಮೇಲೆ ದಂಡ, ದಂಡದ ಮೇಲೆ ಬಡ್ಡಿ ಬೆಳೆದು, ಕೊನೆಗೆ ವಸೂಲಾಗದ ಸಾಲವೆಂದು ತಳ್ಳಿಹಾಕಿದ್ದರು. ಕಾಗದಗಳೆಲ್ಲ ನಾನು ಬಿಟ್ಟುಬಂದ ಹಳೆಯ ಕ್ವಾರ್ಟರ್ಸಿನ ವಿಳಾಸಕ್ಕೆ ಹೋಗಿದ್ದಿರಬೇಕು. ತಕರಾರು ಸಲ್ಲಿಸಿದೆ. ೨೦೨೪ರ ಏಪ್ರಿಲಿನಿಂದ, ತಕರಾರು ಮೂವತ್ತು ದಿನಗಳಲ್ಲಿ ಬಗೆಹರಿಯದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂಬ ನಿಯಮ ಬಂದಿದೆ. ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರ ಬಳಿಗೂ ಹೋಗಬಹುದು. ನನ್ನದು ಇಪ್ಪತ್ತೇಳನೆಯ ದಿನ ಸರಿಹೋಯಿತು. ಇನ್ನು ನಾಲ್ಕು ದಿನ ತಡಮಾಡಿದ್ದರೆ ನೂರು ರೂಪಾಯಿಯಾದರೂ ಸಿಗುತ್ತಿತ್ತೆಂದು ಮನೆಯವಳು ಅಂದಳು. ಅಷ್ಟರಲ್ಲಿ ಡೊಂಬಿವಲಿಯ ಆ ಮನೆ ಬೇರೆಯವರ ಪಾಲಾಗಿತ್ತು. ಈಗ ನಾವಿರುವುದು ಬದಲಾಪುರದಲ್ಲಿ. ಅಡುಗೆಮನೆಗೆ ಕಿಟಕಿಯಿದೆ, ಎದುರಿಗೆ ಗೋಡೆ.

ರಾಜ್ಯೋತ್ಸವದ ಮುಂದಿನ ಭಾನುವಾರ ಹಿರಿಯರು ಪ್ಯಾನ್ ಕಾರ್ಡು, ಕನ್ನಡಕ, ಒಂದು ನೋಟುಪುಸ್ತಕ ಸಹಿತ ನಮ್ಮಲ್ಲಿಗೆ ಬಂದರು. ಮೊದಲು ಅವರ ಬ್ಯಾಂಕಿನ ತಾಣ ತೆರೆದು, ಆ ಹೆಸರು ಕೇಳದ ಕಂಪೆನಿಗೆ ಕೊಟ್ಟಿದ್ದ ಕಾಯಂ ಅನುಮತಿಯನ್ನು ರದ್ದು ಮಾಡಿದೆವು. ಬಳಿಕ ಪುಕ್ಕಟೆ ವರದಿ. ಕಾಫಿ ಆರುವುದರೊಳಗೆ ಬಂತು. ಅಂಕ ಏಳುನೂರ ಎಂಬತ್ತರ ಮೇಲಿತ್ತು. ಒಂಬೈನೂರಕ್ಕೆ ಇದು ಪ್ರಥಮ ದರ್ಜೆಯೇ ಎಂದಾಗ ಅವರ ಮುಖ ಅರಳಿತು. ನಾನು ಪುಟಗಳನ್ನು ಸರಿಸುತ್ತ ಹೋದೆ. ಮೂರನೆಯ ಪುಟದಲ್ಲಿ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಜಾಮೀನುದಾರ ಎಂಬ ಶೀರ್ಷಿಕೆಯಡಿ ಒಂದು ವಾಹನದ ಸಾಲ. ಎರಡು ಕಂತು ಬಾಕಿ.

"ಇದು ನಮ್ಮ ಭಾವನ ಟೆಂಪೋ" ಎಂದರು. "ಎಲ್ಲಾ ತೀರಿಸಿ ಆಯಿತು ಅಂತ ಮೊನ್ನೆ ದೀಪಾವಳಿಗೆ ಬಂದವ ಹೇಳಿದ್ದನಲ್ಲ!" ನೋಟುಪುಸ್ತಕದಲ್ಲಿ ಸಾಲದ ಸಂಖ್ಯೆ, ಬಾಕಿಯ ಮೊತ್ತ, ತಾರೀಕು ಬರೆದುಕೊಂಡು, ಒಂದು ಗೆರೆ ಎಳೆದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪುತ್ತೂರಿಗೆ ಫೋನ್ ಹಚ್ಚಿದರು.